ಮನೆಯೊಳಗಣ ಕಡಲು

1845ರಲ್ಲಿ ಗಾಜಿನ ಮೇಲಣ ಸುಂಕವು ರದ್ದಾಗಿ, ದೊಡ್ಡ ಗಾಜಿನ ಹಲಗೆಗಳು ಅಗ್ಗದ ಬೆಲೆಗೆ ದೊರೆಯತೊಡಗಿದ ತರುವಾಯ, ಇಂಗ್ಲೆಂಡಿನ ಅನುಕೂಲಸ್ಥ ಗೃಹಸ್ಥರಿಗೆ ಸಮುದ್ರವನ್ನೇ ಮನೆಯೊಳಗೆ ಪ್ರತಿಷ್ಠಾಪಿಸಿಕೊಳ್ಳುವ ವಿಚಿತ್ರ ವ್ಯಾಮೋಹವೊಂದು ಹತ್ತಿತು. ಆ ಗೀಳು ಹರಡುವುದಕ್ಕೆ ಮುನ್ನವೇ, 1846ರಲ್ಲಿ, ಆನಾ ಥಿನ್ ಎಂಬಾಕೆಯು ಟಾರ್ಕೀ ತೀರದಲ್ಲಿ ಹವಳದ ಜೀವಿಗಳನ್ನು ಸಂಗ್ರಹಿಸಿ, ಅವು ಪಯಣದಲ್ಲಿ ಉರುಳಾಡದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯಲ್ಲಿರಿಸಿ ಲಂಡನ್ನಿಗೆ ಕೊಂಡೊಯ್ದಿದ್ದಳು. ಅಲ್ಲಿ ಆಕೆಯ ದಾಸಿಯು ತೆರೆದ ಕಿಟಕಿಯ ಬಳಿ ನಿಂತು, ಉಪ್ಪುನೀರನ್ನು ಪಾತ್ರೆಯಿಂದ ಪಾತ್ರೆಗೆ ಬಹುಹೊತ್ತು ಸುರಿಯುತ್ತ, ಅದಕ್ಕೆ ಪ್ರಾಣವಾಯುವನ್ನು ಊಡಬೇಕಾಗಿತ್ತು. ಕೀರ್ತಿಯು ಒಡತಿಗೆ, ತೋಳುನೋವು ದಾಸಿಗೆ! ಬೆಳಕಿದ್ದರೆ ಕಡಲ ಸಸ್ಯಗಳೇ ಈ ಕಾರ್ಯವನ್ನು ನಿರ್ವಹಿಸಬಲ್ಲವೆಂಬ ತತ್ತ್ವವು ಜನಜನಿತವಾದ ಮೇಲೆ ಗಾಜಿನ ತೊಟ್ಟಿಯು ಬೈಠಕ್ಕಿನ ಕೋಣೆಗೆ ನಿಶ್ಚಿಂತೆಯಿಂದ ಪ್ರವೇಶಿಸಿತು.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಗೃಹವು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸನು ಕಡಲ ತೊಟ್ಟಿಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದುದಲ್ಲದೆ, ಲವಣಗಳನ್ನು ಬೆರಸಿ ಕೃತಕ ಸಮುದ್ರಜಲವನ್ನೂ ಸಿದ್ಧಪಡಿಸಿದನು. ಅವನ ಬರಹಗಳಿಂದ ಪ್ರೇರಿತರಾದ ಸಂಗ್ರಾಹಕರು ತಂಡತಂಡವಾಗಿ ತೀರಕ್ಕಿಳಿದು, ಬಂಡೆಗಳ ನಡುವಣ ನೀರಮಡುಗಳನ್ನು ಬರಿದುಮಾಡಿದರೆಂದು ಅವನ ಮಗ ಎಡ್ಮಂಡನೇ 1907ರಲ್ಲಿ ವಿಷಾದದಿಂದ ಬರೆದನು.