ಪಾಳು ನಿವೇಶನದಲ್ಲಿ ಮಕ್ಕಳ ರಾಜ್ಯ

ಕನ್ನಡದಲ್ಲಿ ‘ಆಟ’ ಎಂಬ ಮಾತಿನ ಹರವು ದೊಡ್ಡದು. ಅಂಗಳದ ಕುಂಟಬಿಲ್ಲೆಯೂ ಆಟ, ಕರಾವಳಿಯಲ್ಲಿ ಇರುಳೆಲ್ಲ ನಡೆಯುವ ಯಕ್ಷಗಾನವೂ ಆಟ. ಆದರೂ ‘ಏನಿದು ಹುಡುಗಾಟ!’ ಎಂದು ಗದರಿಸುವಾಗ ಅದು ಕೆಲಸಕ್ಕೆ ಬಾರದ್ದೆಂದೇ ನಮ್ಮ ಭಾವನೆ. ನಗರ ಕಟ್ಟುವವರ ಭಾವನೆಯೂ ಇದೇ. ರಸ್ತೆ, ಕಚೇರಿ, ಅಂಗಡಿಗಳಿಗೆ ಹಂಚಿ ಮಿಕ್ಕಿದ್ದರೆ ಮಕ್ಕಳಿಗೆ ಒಂದಿಷ್ಟು ಜಾಗ. ಈ ಕ್ರಮವನ್ನು ಕೆಲಕಾಲವಾದರೂ ಬದಲಾಯಿಸಿದ ನಗರವೊಂದಿದೆ. ಅದು ಹಾಲೆಂಡಿನ ಆಮ್‌ಸ್ಟರ್‌ಡಾಂ.

1940ರಿಂದ 1945ರವರೆಗೆ ಆ ನಗರ ಜರ್ಮನರ ವಶದಲ್ಲಿತ್ತು. ಅಲ್ಲಿದ್ದ ಸುಮಾರು 80 ಸಾವಿರ ಯಹೂದಿಗಳಲ್ಲಿ ಹೆಚ್ಚಿನವರನ್ನು ಸೆರೆಶಿಬಿರಗಳಿಗೆ ಸಾಗಿಸಲಾಯಿತು; ಅವರಲ್ಲಿ ಬಹುಮಂದಿ ಮರಳಲಿಲ್ಲ. 1944-45ರ ಚಳಿಗಾಲದಲ್ಲಿ ಅನ್ನವೂ ಇಲ್ಲ, ಉರಿಸಲು ಸೌದೆಯೂ ಇಲ್ಲ. ಜನ ಆ ಖಾಲಿ ಮನೆಗಳ ತೊಲೆ, ಮೆಟ್ಟಿಲು, ಹಲಗೆಗಳನ್ನು ಕಿತ್ತೊಯ್ದು ಒಲೆಗೆ ಹಾಕಿದರು. ತೊಲೆ ಕಳೆದುಕೊಂಡ ಮನೆಗಳು ಕುಸಿದವು. ಯುದ್ಧ ಮುಗಿದಾಗ ಹಳೆಯ ಬೀದಿಗಳ ಸಾಲು ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು.

ಆಗ ನಗರದ ಯೋಜನಾ ಶಾಖೆಯಲ್ಲಿ ಯಕೋಬಾ ಮುಲ್ಡರ್ ಎಂಬ ಮಹಿಳೆ ಹಿರಿಯ ಅಧಿಕಾರಿಯಾಗಿದ್ದರು. ಅವರ ಕೈಕೆಳಗೆ 1946ರಲ್ಲಿ ಆಲ್ಡೊ ವಾನ್ ಐಕ್ ಎಂಬ ತರುಣ ವಾಸ್ತುಶಿಲ್ಪಿ ಕೆಲಸಕ್ಕೆ ಸೇರಿದರು. ಮರುವರ್ಷ, ತಮ್ಮ 29ನೆಯ ವಯಸ್ಸಿನಲ್ಲಿ, ಬರ್ಟೆಲ್ಮನ್‌ಪ್ಲೈನ್ ಎಂಬ ಸಣ್ಣ ಚೌಕದಲ್ಲಿ ಅವರು ಮೊದಲ ಆಟದ ಬಯಲನ್ನು ರೂಪಿಸಿದರು. ಅಲ್ಲಿದ್ದುದಾದರೂ ಏನು? ಅಗಲವಾದ ಅಂಚಿನ ಕಾಂಕ್ರೀಟಿನ ಮರಳುತೊಟ್ಟಿ, ಅದರೊಳಗೆ ಕೆಲವು ದುಂಡನೆಯ ಕಲ್ಲು, ಲಾಗ ಹಾಕಲು ಅಡ್ಡಸರಳು, ಸುತ್ತ ಮರ, ಹಿರಿಯರು ಕೂರಲು ಬೆಂಚು, ಅಷ್ಟೆ.

ಅಷ್ಟೆ ಎಂದೆನಾದರೂ ಜಾಣ್ಮೆಯಿರುವುದು ಅಲ್ಲಿಯೇ. ಪ್ರಾಣಿಗಳ ಆಕಾರದ ಆಟಿಕೆಗಳು ವಾನ್ ಐಕರಿಗೆ ಒಗ್ಗಲಿಲ್ಲ. ಆನೆಯ ಬೊಂಬೆ ಕೊನೆಯವರೆಗೂ ಆನೆಯೇ. ದುಂಡುಗಲ್ಲಾದರೋ ಒಮ್ಮೆ ದ್ವೀಪ, ಒಮ್ಮೆ ಸಿಂಹಾಸನ, ಮತ್ತೊಮ್ಮೆ ಅಂಗಡಿಯ ಕಟ್ಟೆ. ನೆಲದ ಮೇಲೆ ಇದ್ದಿಲಿನಿಂದ ನಾಲ್ಕು ಗೆರೆ ಎಳೆದು, ಒಡೆದ ಹೆಂಚಿನ ಚೂರನ್ನು ಬಿಲ್ಲೆ ಮಾಡಿಕೊಂಡ ನಮ್ಮ ಮಕ್ಕಳಿಗೆ ಈ ರಹಸ್ಯ ಯಾರೂ ಹೇಳಿಕೊಡದೆಯೇ ಗೊತ್ತು. ಕಲೆಗಾರ ಅರ್ಧ ಮಾಡಿ ಹಿಂದೆ ಸರಿಯಬೇಕು, ಉಳಿದರ್ಧ ಆಡುವವರದು.

ಇನ್ನೊಂದು ಸಂಗತಿಯೂ ಗಮನಾರ್ಹವಾದದ್ದು. ಅದಕ್ಕೆ ಮೊದಲು ಆ ನಗರದ ಆಟದ ಬಯಲುಗಳು ಬಹುಮಟ್ಟಿಗೆ ಸಂಘಗಳ ಕೈಯಲ್ಲಿದ್ದವು. ಬೇಲಿಯೊಳಗೆ ಕಾಲಿಡಲು ಸದಸ್ಯತ್ವ ಬೇಕಿತ್ತು. ಹೊಸ ಬಯಲುಗಳಿಗೆ ಬೇಲಿಯೇ ಇಲ್ಲ. ಇದನ್ನು ಕಂಡ ನೆರೆಬೀದಿಯವರು ತಮಗೂ ಒಂದು ಬೇಕೆಂದು ನಗರಾಡಳಿತಕ್ಕೆ ಪತ್ರ ಬರೆದರು. ಹೀಗೆ ಬೇಡಿಕೆ ಬಂದಲ್ಲಿ, ಸಿಕ್ಕ ಜಾಗದಲ್ಲಿ, ಅಗ್ಗದ ಸಾಮಗ್ರಿಯಿಂದ ಒಂದೊಂದಾಗಿ ಎದ್ದು, 1978ರ ವೇಳೆಗೆ ಅವು 700ನ್ನು ಮೀರಿದವು. ಡೈಕ್‌ಸ್ಟ್ರಾಟ್ ಬೀದಿಯಲ್ಲಿ 1954ರಲ್ಲಿ ಎರಡು ಮನೆಗಳ ನಡುವಿನ ಕಿರಿದಾದ ಖಾಲಿ ನಿವೇಶನವೂ ಆಟದ ಬಯಲಾಯಿತು.

ಕಾಣೆಯಾದವರ ಮನೆಯ ತಳಪಾಯದ ಮೇಲೆ ಆಟವೆ ಎಂದು ಓದುಗರು ಕೇಳಬಹುದು. ನನ್ನನ್ನೂ ಈ ಪ್ರಶ್ನೆ ಕಾಡಿದೆ. ಆಟದ ಬಯಲು ಸ್ಮಾರಕವಲ್ಲ, ಸತ್ತವರ ಋಣವನ್ನು ಅದು ತೀರಿಸದು. ಆ ಋಣ ಬೇರೆಯೇ ಉಳಿಯಿತು. ನಾಜಿಗಳಿಗೆ ಬಲಿಯಾದ 1 ಲಕ್ಷ 2 ಸಾವಿರಕ್ಕೂ ಹೆಚ್ಚು ಜನರ ಹೆಸರನ್ನು ಇಟ್ಟಿಗೆ ಇಟ್ಟಿಗೆಯ ಮೇಲೆ ಕೆತ್ತಿದ ಸ್ಮಾರಕ ಆ ನಗರದಲ್ಲಿ ತೆರೆದದ್ದು 2021ರಲ್ಲಿ. ಆದರೆ ಹಾಳುಬಿದ್ದ ನೆಲದ ಮೊದಲ ಹಕ್ಕು ಹೆಚ್ಚು ಬೆಲೆ ಕೊಡುವವನಿಗಲ್ಲ, ಕಾಸಿಲ್ಲದ ಮಗುವಿಗೆ ಎಂದು ಯುದ್ಧದಿಂದ ಬಡವಾದ ನಗರವೊಂದು ಬಗೆದದ್ದು ಸಣ್ಣ ಮಾತಲ್ಲ. ಮಕ್ಕಳನ್ನೂ ಬಿಡದೆ ಕೊಂದ ಆಡಳಿತ ತೊಲಗಿದ ಮೇಲೆ ಈ ಮಾತಿಗೆ ಬೇರೊಂದು ತೂಕವೂ ಇದೆ.

ಹಿಮ ಬಿದ್ದ ದಿನ ಮಗುವೇ ನಗರದ ಒಡೆಯ, ಹಿಮಕ್ಕಿಂತ ಹೆಚ್ಚುಕಾಲ ಬಾಳುವುದನ್ನು ಮಗುವಿಗೆ ಕೊಡಬೇಕು ಎಂಬರ್ಥದಲ್ಲಿ ವಾನ್ ಐಕ್ ಬರೆದಿದ್ದರು. ಆದರೆ ಅವರು ಮಾಡಿದ ಬಯಲುಗಳಲ್ಲಿ ಅನೇಕವು ತಾತ್ಕಾಲಿಕವೇ ಆಗಿದ್ದವು. ಹೊಸ ಕಟ್ಟಡಗಳು ಎದ್ದಂತೆ ಅವು ಮರೆಯಾದವು. ಮೂಲರೂಪದಲ್ಲಿ ಉಳಿದವು ಕೆಲವೇ. ವಾನ್ ಐಕ್ 1999ರಲ್ಲಿ ತೀರಿಕೊಂಡರು. ರೆಂಬ್ರಾಂಟನ ಚಿತ್ರಗಳಿರುವ ರೈಕ್ಸ್‌ಮ್ಯೂಸಿಯಂ ನವೀಕರಣಗೊಂಡು 2013ರಲ್ಲಿ ಬಾಗಿಲು ತೆರೆದಾಗ, ಅದರ ತೋಟದಲ್ಲಿ ಅವರ ಹತ್ತುಕಮಾನುಗಳಿಗೂ ಸ್ಥಳ ದೊರೆಯಿತು.

ಗೌರವವೇನೋ ಸರಿ. ಆದರೆ ಅವುಗಳ ಸಹಜಸ್ಥಾನ ವಸ್ತುಸಂಗ್ರಹಾಲಯವಲ್ಲ, ಬೀದಿ. ನಮ್ಮ ಊರುಗಳಲ್ಲಿಯೂ ಎರಡು ಮನೆಗಳ ನಡುವೆ ಕಸ ತುಂಬಿದ ನಿವೇಶನಗಳಿಗೆ ಬರವಿಲ್ಲ. ಒಂದು ಗಾಡಿ ಮರಳು, ನಾಲ್ಕು ದುಂಡುಗಲ್ಲು ಸಿಕ್ಕದ ವಸ್ತುಗಳೂ ಅಲ್ಲ. ಬೇಕಾದದ್ದು, ಅಂಥ ಜಾಗವನ್ನು ಕಂಡಾಗ ಮಗುವಿನ ನೆನಪು ಮೊದಲು ಬರುವ ಮನಸ್ಸು.