ಭತ್ತದ ರೋಗ ನಿಯಂತ್ರಣದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ: ಇತಿಹಾಸ

ಬೇರಿನ ಸುತ್ತಲ ಮಣ್ಣಿನಲ್ಲಿ ನೆಲೆಸುವ ಸೂಡೊಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಮೊದಲಾದ ಉಪಕಾರಿ ಬ್ಯಾಕ್ಟೀರಿಯಾಗಳಿಂದ ಭತ್ತದ ರೋಗಗಳನ್ನು ಹತ್ತಿಕ್ಕುವ ಪ್ರಯತ್ನ 1980ರ ದಶಕದಲ್ಲಿ ಬಲಗೊಂಡಿತು. ಬೆಂಕಿ ರೋಗಕ್ಕೆ ನಿರೋಧಕ ತಳಿಗಳಾದರೂ ಇದ್ದವು. ಎಲೆಕವಚ ಅಂಗಮಾರಿಯನ್ನು ಪೂರ್ತಿ ತಡೆಯಬಲ್ಲ ತಳಿ ಸಿಗಲೇ ಇಲ್ಲ. ಈ ರೋಗ ತರುವ ರೈಜೋಕ್ಟೋನಿಯ ಸೊಲಾನಿ ಶಿಲೀಂಧ್ರದ ಗಟ್ಟಿ ಗಂಟುಗಳು ಮಣ್ಣಿನಲ್ಲೇ ಉಳಿದಿದ್ದು, ಗದ್ದೆಗೆ ನೀರು ಕಟ್ಟಿದಾಗ ತೇಲಿಬಂದು, ನೀರಿನ ಮಟ್ಟದಲ್ಲಿ ಎಲೆಕವಚಕ್ಕೆ ಅಂಟಿಕೊಳ್ಳುತ್ತವೆ. ಹೆಚ್ಚು ಸಾರಜನಕ ಉಂಡು ಒತ್ತಾಗಿ ತೆಂಡೆಯೊಡೆಯುವ ಗಿಡ್ಡ ತಳಿಗಳು ಹರಡಿದಂತೆ ರೋಗವೂ ಬಲಿಯಿತು. ಹೀಗಾಗಿ ಶತ್ರುವಿದ್ದ ಮಣ್ಣಿನಲ್ಲೇ ಮಿತ್ರನನ್ನು ಹುಡುಕುವುದು ಅನಿವಾರ್ಯವಾಯಿತು.

ಈ ಹುಡುಕಾಟಕ್ಕೆ ತಾತ್ವಿಕ ನೆಲೆ ಒದಗಿದ್ದು ಕ್ಯಾಲಿಫೋರ್ನಿಯಾದಿಂದ. ಬ್ಯಾಕ್ಟೀರಿಯಾ ಸ್ರವಿಸುವ ಸಿಡೆರೊಫೋರ್‌ಗಳು ಬೇರಿನ ಬಳಿಯ ಕಬ್ಬಿಣವನ್ನು ಹಿಡಿದಿಟ್ಟು, ಹಾನಿಕಾರಕ ಸೂಕ್ಷ್ಮಜೀವಿಗಳಿಗೆ ಅದು ಸಿಗದಂತೆ ಮಾಡುತ್ತವೆ ಎಂದು ಕ್ಲೋಪ್ಪರ್, ಶ್ರಾತ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಮ್ಯೂ ಮತ್ತು ರೊಸಾಲೆಸ್ ಎಲೆಕವಚ ಅಂಗಮಾರಿಯ ವಿರುದ್ಧ ಇಂಥ ಬ್ಯಾಕ್ಟೀರಿಯಾ ಬಳಸಿದ ವರದಿ 1986ರಲ್ಲಿ ಪ್ರಕಟವಾಯಿತು. ಮರುವರ್ಷವೇ ಮದ್ರಾಸ್ ವಿಶ್ವವಿದ್ಯಾಲಯದ ಶಕ್ತಿವೇಲ್ ಮತ್ತು ಜ್ಞಾನಮಾಣಿಕ್ಕಂ, ಫ್ಲೋರೆಸೆನ್ಸ್‌ನಿಂದ ಎಲೆಕವಚ ಕೊಳೆ ರೋಗ ತಗ್ಗಿ ಇಳುವರಿ ಏರಿದ್ದನ್ನು ದಾಖಲಿಸಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಶಿಲೀಂಧ್ರವನ್ನು ದೂರವಿಡುವ ಬ್ಯಾಕ್ಟೀರಿಯಾ ಗದ್ದೆಯಲ್ಲೂ ಹಾಗೆಯೇ ನಡೆದುಕೊಳ್ಳುತ್ತದೆಯೇ ಎಂಬ ಆಕ್ಷೇಪ ಆಗಿನಿಂದಲೂ ಇದೆ, ಅದು ನ್ಯಾಯವಾದದ್ದೇ. ಆದರೆ ನೇರ ಹೋರಾಟವೊಂದೇ ಇವುಗಳ ದಾರಿಯಲ್ಲ. 1991ರಲ್ಲಿ ಸೌತೆಯ ಬೀಜಕ್ಕೆ ಬ್ಯಾಕ್ಟೀರಿಯಾ ಲೇಪಿಸಿದಾಗ ರೋಗ ತಗ್ಗಿದ್ದು ಎಲೆಯಲ್ಲಿ. ಎಂದರೆ ಗಿಡದ ಸ್ವಂತ ರಕ್ಷಣೆಯೇ ಎಚ್ಚೆತ್ತಿತ್ತು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಭತ್ತದಲ್ಲೂ ಇದನ್ನೇ ಕಂಡು, ಕೈಟಿನೇಸ್, ಪೆರಾಕ್ಸಿಡೇಸ್ ಕಿಣ್ವಗಳು ಹೆಚ್ಚಿದ್ದನ್ನು 2001ರಲ್ಲಿ ವರದಿ ಮಾಡಿದರು.

ಇಷ್ಟಾದರೂ ಈ ಇತಿಹಾಸದ ನಿಜವಾದ ತಿರುವು ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದಲ್ಲ, ರೈತನ ಕೈ ಸೇರುವವರೆಗೆ ಅದನ್ನು ಬದುಕಿಸಿದ್ದು. ಫ್ಲೋರೆಸೆನ್ಸ್ ಬೀಜಕಣ ಕಟ್ಟದು, ಒಣಗಿದರೆ ಬೇಗ ಸಾಯುತ್ತದೆ. ಇದನ್ನು ಟಾಲ್ಕ್ ಪುಡಿಯಲ್ಲಿ ತಿಂಗಳುಗಟ್ಟಲೆ ಜೀವಂತವಾಗಿಡುವ ವಿಧಾನವನ್ನು ಕೊಯಮತ್ತೂರಿನಲ್ಲಿ ವಿದ್ಯಾಶೇಖರನ್ ಮತ್ತು ಸಹೋದ್ಯೋಗಿಗಳು ಮೊದಲು ಕಡಲೆಯ ಸೊರಗು ರೋಗಕ್ಕೂ, 1997ರಲ್ಲಿ ಭತ್ತದ ಬೆಂಕಿ ರೋಗಕ್ಕೂ ರೂಪಿಸಿದರು. ಕಿಲೋ ಬೀಜಕ್ಕೆ 10 ಗ್ರಾಂ ಪುಡಿಯ ಬೀಜೋಪಚಾರ, ನಾಟಿಗೆ ಮುನ್ನ ಸಸಿಯ ಬೇರು ಅದ್ದುವುದು, ಕೊಟ್ಟಿಗೆ ಗೊಬ್ಬರದೊಡನೆ ಮಣ್ಣಿಗೆ ಸೇರಿಸುವುದು ಸಾಧ್ಯವಾದದ್ದು ಇದರಿಂದಲೇ. ಒಂದು ಗದ್ದೆಯಲ್ಲಿ ಕಂಡ ಫಲ ಇನ್ನೊಂದರಲ್ಲಿ ಕಾಣದು, ರೋಗ ಉಲ್ಬಣಿಸಿದ ಮೇಲೆ ರಾಸಾಯನಿಕವೇ ಗತಿ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಇದು ರೋಗ ಬಂದ ಮೇಲಿನ ಔಷಧವಲ್ಲ, ಬರುವ ಮುಂಚಿನ ರಕ್ಷಣೆ. ಔಷಧದ ಅಳತೆಗೋಲಿನಿಂದ ಅಳೆಯುವುದು ಸರಿಯಲ್ಲ. ರಾಸಾಯನಿಕಕ್ಕೂ ಅದರದೇ ಬೆಲೆಯಿದೆ: ಬೆಂಕಿ ರೋಗಕ್ಕೆ ಸಿಂಪಡಿಸುವ ಟ್ರೈಸೈಕ್ಲಜೋಲ್‌ನ ಶೇಷಾಂಶದ ಮಿತಿಯನ್ನು ಐರೋಪ್ಯ ಒಕ್ಕೂಟ ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿದಾಗ ಭಾರತದ ಬಾಸ್ಮತಿ ರಫ್ತಿಗೆ ಪೆಟ್ಟು ಬಿತ್ತು. ಫಲದ ಏರುಪೇರಿಗೆ ಮಣ್ಣು, ಹವೆಗಳ ಜೊತೆಗೆ ಪುಡಿಯಲ್ಲಿ ಉಳಿದಿರುವ ಜೀವಕೋಶಗಳ ಸಂಖ್ಯೆಯೂ ಕಾರಣ. ಆದ್ದರಿಂದ ಮಾರಾಟದ ಪೊಟ್ಟಣಗಳಲ್ಲಿ ಈ ಸಂಖ್ಯೆಯನ್ನು ಜಿಲ್ಲಾ ಮಟ್ಟದಲ್ಲೇ ಪರೀಕ್ಷಿಸುವ ವ್ಯವಸ್ಥೆ ಇರಲೇಬೇಕು.