ಎಳೆಯ ದಿಕ್ಕು ಮತ್ತು ಸೀಳಿನ ಲೆಕ್ಕ

ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರ ಸೇರುವ ಅಘನಾಶಿನಿಯ ಅಳಿವೆಯಲ್ಲಿ ಮರದ ದೋಣಿಗಳೂ ಫೈಬರ್ ದೋಣಿಗಳೂ ಓಡಾಡುತ್ತವೆ. ಮರದ ಹಲಗೆಗಾಗಲಿ, ನೇಯ್ದ ಗಾಜಿನೆಳೆಯ ಪದರಗಳಿಗಾಗಲಿ ಎಲ್ಲ ದಿಕ್ಕಿನಲ್ಲೂ ಒಂದೇ ಬಲವಿರುವುದಿಲ್ಲ; ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿ ಬೇರೆ ಬೇರೆ ಗುಣ ತೋರುವ ಇಂಥ ವಸ್ತುಗಳನ್ನು ಆರ್ಥೋಟ್ರಾಪಿಕ್ ಎನ್ನುತ್ತಾರೆ. ಹೆಬ್ಬಲಸಿನ ಹಲಗೆಯನ್ನು ಎಳೆಯ ಉದ್ದಕ್ಕೆ ಜಗ್ಗಿದಾಗ ಅದು ತಡೆದುಕೊಳ್ಳುವ ಬಲದ ಸಣ್ಣದೊಂದು ಪಾಲೇ ಅಡ್ಡಲಾಗಿ ಜಗ್ಗಿದಾಗ ಅದನ್ನು ಸೀಳಲು ಸಾಕಾಗುತ್ತದೆ, ಮತ್ತು ಮೊಳೆಯ ತೂತಿನಿಂದ ಹೊರಟ ಬಿರುಕು ಸಾಮಾನ್ಯವಾಗಿ ಎಳೆಯ ಜಾಡು ಹಿಡಿದೇ ಸಾಗುತ್ತದೆ.

ಇಂಥ ವಸ್ತು ಯಾವ ದಿಕ್ಕಿನಲ್ಲಿ ಎಷ್ಟು ಬಲಕ್ಕೆ ಮುರಿಯುತ್ತದೆಂಬ ಲೆಕ್ಕದ ಚರಿತ್ರೆಯೂ ಮರದಿಂದಲೇ ಆರಂಭವಾಗುತ್ತದೆ. ವಿಮಾನಗಳಿಗೆ ಬಳಸುತ್ತಿದ್ದ ಸ್ಪ್ರೂಸ್ ಮರವನ್ನು ಎಳೆಗೆ ಓರೆಯಾಗಿ ಒತ್ತಿದರೆ ಎಷ್ಟು ಭಾರಕ್ಕೆ ನಜ್ಜುಗುಜ್ಜಾಗುತ್ತದೆಂಬುದಕ್ಕೆ ಹ್ಯಾಂಕಿನ್ಸನ್ 1921ರಲ್ಲಿ ಕೊಟ್ಟ ಸೂತ್ರ ಮರಗೆಲಸದ ಎಂಜಿನಿಯರಿಂಗ್‌ನಲ್ಲಿ ಇಂದಿಗೂ ಬಳಕೆಯಲ್ಲಿದೆ. ಲೋಹಗಳಿಗಾಗಿ ಹಿಲ್ 1948ರಲ್ಲಿ ರೂಪಿಸಿದ ನಿಯಮವನ್ನು 1965ರಲ್ಲಿ ಆಜ್ಜಿ ಮತ್ತು ತ್ಸಾಯ್ ನಾರನ್ನು ಅಂಟಿನಲ್ಲಿ ಕೂರಿಸಿದ ಸಂಯುಕ್ತ ವಸ್ತುಗಳಿಗೆ ಅಳವಡಿಸಿದರು. 1971ರ ತ್ಸಾಯ್–ವು ನಿಯಮ ಎಳೆತ ಮತ್ತು ಒತ್ತಡಗಳ ಬಲಗಳನ್ನು ಒಂದೇ ವರ್ಗಸಮೀಕರಣದಲ್ಲಿ ಸೇರಿಸಿತು. ಅದು ಅನುಕೂಲಕರವಾದರೂ, ವಸ್ತು ಸೋತಿತೆಂದು ಹೇಳುತ್ತದೆಯೇ ಹೊರತು ಮುರಿದದ್ದು ನಾರೋ, ನಾರನ್ನು ಹಿಡಿದಿಟ್ಟ ಅಂಟೋ ಎಂಬುದನ್ನು ಹೇಳುವುದಿಲ್ಲ. 1980ರಲ್ಲಿ ಹಾಶಿನ್ ಈ ಬಗೆಗಳನ್ನು ಬೇರ್ಪಡಿಸಿದ್ದೇ ಈ ಕ್ಷೇತ್ರದ ನಿಜವಾದ ತಿರುವು, ಏಕೆಂದರೆ ಮುಂದಿನ ಕ್ಷಣದಲ್ಲಿ ಯಾವ ದಿಕ್ಕಿನ ಬಿಗಿಯನ್ನು ಇಳಿಸಬೇಕೆಂದು ಮುರಿತವನ್ನು ಅನುಕರಿಸುವ ಕಂಪ್ಯೂಟರಿಗೆ ಹೇಳಲು ಅದರಿಂದ ಸಾಧ್ಯವಾಯಿತು.

ಹ್ಯಾಲ್‌ಕ್ವಿಸ್ಟ್ 1976ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬರೆದ ಡೈನಾ-3ಡಿಯಿಂದ ಬೆಳೆದ ಎಲ್‌ಎಸ್-ಡೈನಾದಂಥ ತಂತ್ರಾಂಶಗಳು ವಸ್ತುವನ್ನು ಸಣ್ಣ ಕೋಶಗಳ ಜಾಲವಾಗಿ ವಿಂಗಡಿಸಿ, ಡಿಕ್ಕಿಯನ್ನು ಮೈಕ್ರೋಸೆಕೆಂಡುಗಳ ಅಥವಾ ಅದಕ್ಕೂ ಕಿರಿದಾದ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತವೆ. ಅಲ್ಲಿ ಹೊಸದೊಂದು ತೊಡಕು ಎದುರಾಯಿತು: ಬಲ ಮೀರಿದೊಡನೆ ಜಾಲದ ಒಂದು ಕೋಶವನ್ನು ಅಳಿಸಿಬಿಟ್ಟರೆ ಬಿರುಕಿನ ಫಲಿತಾಂಶವೇ ಕೋಶದ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಬಿರುಕು ತೆರೆಯಲು ಬೇಕಾಗುವ ಭಂಗಶಕ್ತಿಯನ್ನು ಮಾದರಿಯೊಳಕ್ಕೆ ತಂದು, ಹಾನಿ ಕ್ರಮೇಣ ಬೆಳೆಯುವಂತೆ ಮಾಡಲಾಯಿತು. ಅಮೆರಿಕದ ಹೆದ್ದಾರಿ ಬದಿಯ ಮರದ ಕಂಬಗಳಿಗೆ ವಾಹನ ಬಡಿಯುವುದನ್ನು ಅನುಕರಿಸಲು ಮರ್ರೆ ರೂಪಿಸಿದ ಮಾದರಿ ಹಾಶಿನ್ ನಿಯಮದ ಮಾರ್ಪಾಡನ್ನೇ ಬಳಸಿ, ಮರದ ತೇವಾಂಶ, ತಾಪಮಾನ ಮತ್ತು ಹೊಡೆತದ ವೇಗಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ.

ಕರ್ನಾಟಕದಲ್ಲಿ ಸಂಯುಕ್ತ ವಸ್ತುಗಳ ಈ ವಿದ್ಯೆ ಬೇರೂರಿದ್ದು ಮುಖ್ಯವಾಗಿ ವಿಮಾನಗಳಿಂದ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಯುದ್ಧವಿಮಾನ ತೇಜಸ್‌ನ ರೆಕ್ಕೆಗೆ ಕಾರ್ಬನ್ ಸಂಯುಕ್ತಗಳನ್ನು ಬಳಸಲಾಗಿದೆ; ಆ ವಿಮಾನದ ಸಂಯುಕ್ತ ಭಾಗಗಳಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ದುಡಿಮೆಯೂ ಇದೆ.

ಕರಾವಳಿಯ ಮರಕ್ಕೆ ಅಂಥ ಆಸ್ಥೆ ದೊರೆಯದಿರುವುದು ವಿಷಾದದ ಸಂಗತಿ. ಮರ್ರೆಯವರ ಮಾದರಿಯಲ್ಲಿ ಸಿದ್ಧ ಅಂಕಿಗಳಿರುವುದು ಸದರ್ನ್ ಪೈನ್ ಮತ್ತು ಡಗ್ಲಸ್ ಫರ್‌ಗಳಿಗೆ. ಹೆಬ್ಬಲಸು, ಮತ್ತಿ, ಮಾವುಗಳಿಗಲ್ಲ. ಅಳಿವೆಯ ಮರಳುದಿಬ್ಬಕ್ಕೆ ಬಡಿಯುವ ದೋಣಿಯನ್ನು ಪರದೆಯ ಮೇಲೆ ಮುರಿದು ನೋಡುವ ಮೊದಲು, ಉಪ್ಪುನೀರಿನಲ್ಲಿ ನೆನೆದ ಈ ಹಲಗೆಗಳನ್ನು ಎಳೆಯ ಉದ್ದಕ್ಕೂ ಅಡ್ಡಕ್ಕೂ, ನಿಧಾನವಾಗಿಯೂ ವೇಗವಾಗಿಯೂ ಮುರಿದು ಅಳೆಯಬೇಕಾಗುತ್ತದೆ.